ಬಿಸಿಯಾದ ಮೇಲೆ ಇಳಿಯದ ಐಡಲ್: ಒಂದು ಕಾರ್ಬುರೇಟರಿನ ಪ್ರಕರಣ ಅಧ್ಯಯನ

ಸುಮಾರು 250 ಸಿಸಿ ಸಾಮರ್ಥ್ಯದ, ಗಾಳಿಯಿಂದ ತಂಪಾಗುವ, ನಾಲ್ಕು ಸ್ಟ್ರೋಕಿನ ಒಂಟಿ ಸಿಲಿಂಡರ್ ಮೋಟಾರ್‌ಸೈಕಲ್ ಈ ಅಧ್ಯಯನದ ವಸ್ತು. ಗಾಳಿಗೆ ಪೆಟ್ರೋಲ್ ಬೆರೆಸುವ ಸಾಧನವಾದ ಕಾರ್ಬುರೇಟರಿನ ತಳದ ಫ್ಲೋಟ್ ಬಟ್ಟಲಿನಲ್ಲಿ ಪೆಟ್ರೋಲ್ ಇದ್ದಂತೆಯೇ ಬಹಳ ಕಾಲ ನಿಂತುಬಿಟ್ಟಿದ್ದ ಈ ಗಾಡಿಯನ್ನು ಮತ್ತೆ ಓಡಿಸಲು ಹೊರಟಾಗ ಕಾಣಿಸಿಕೊಂಡ ತೊಂದರೆ, ಒಂದರ ಮೇಲೊಂದು ನಡೆದ ರಿಪೇರಿಗಳಿಂದ ಕಡಿಮೆಯಾಗುವ ಬದಲು ರೂಪ ಬದಲಿಸುತ್ತಾ ಹೋಗಿತ್ತು. ನನ್ನ ಮನೆಯ ವರ್ಕ್‌ಶಾಪಿಗೆ ಬರುವ ಹೊತ್ತಿಗೆ ಅದರ ಕಾರ್ಬುರೇಟರ್ ಹಲವರ ಕೈ ದಾಟಿ ಬಂದಿತ್ತು. ಕಡಿಮೆ ವೇಗದಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಪೈಲಟ್ ಜೆಟ್ಟಿನೊಳಗೆ ತಂತಿ ಆಡಿತ್ತು, ಹೆಚ್ಚು ವೇಗದಲ್ಲಿ ಅದೇ ಕೆಲಸ ಮಾಡುವ ಮೇನ್ ಜೆಟ್ ದೊಡ್ಡದಕ್ಕೆ ಬದಲಾಗಿತ್ತು, ಹೊಂದಾಣಿಕೆಯ ತಿರುಪುಗಳೆಲ್ಲ ತಮ್ಮ ಮೂಲ ಜಾಗ ಬಿಟ್ಟಿದ್ದವು. ಇದನ್ನು ವಿವರವಾಗಿ ಬರೆದಿಡಲು ಕಾರಣವಿದೆ. ಮುಖ್ಯ ದೋಷ ಕಾರ್ಬುರೇಟರಿನ ಹೊರಗಿತ್ತು, ಆದರೆ ಅದನ್ನು ಸರಿದೂಗಿಸಲು ಮಾಡಿದ ಬದಲಾವಣೆಗಳೆಲ್ಲ ಒಳಗೆ ನಡೆದಿದ್ದವು. ಹೀಗಾಗಿ ಮೂಲ ದೋಷವನ್ನು ತೆಗೆದ ಕ್ಷಣವೇ ಗಾಡಿ ಸರಿಯಾಗಲಿಲ್ಲ. ಸರಿದೂಗಿಕೆಗಳನ್ನೂ ಒಂದೊಂದಾಗಿ ಬಿಚ್ಚಬೇಕಾಯಿತು.

ಲಕ್ಷಣಗಳು

ಎಂಜಿನ್ ತಣ್ಣಗಿದ್ದಾಗ, ಮಿಶ್ರಣಕ್ಕೆ ಹೆಚ್ಚು ಪೆಟ್ರೋಲ್ ಕೊಡುವ ಚೋಕ್ ಎಳೆದರೆ ತಕರಾರಿಲ್ಲದೆ ಶುರುವಾಗುತ್ತಿತ್ತು. ಪೂರ್ತಿ ಬಿಸಿಯಾಗಿ ಚೋಕ್ ಬಿಟ್ಟ ಮೇಲೆ ಅದರ ಸ್ವಭಾವವೇ ಬೇರೆಯಾಗುತ್ತಿತ್ತು. ಥ್ರಾಟಲ್ ಮುಚ್ಚಿದರೂ ವೇಗ ನಿಮಿಷಕ್ಕೆ 3,000 ಸುತ್ತುಗಳ ಆಸುಪಾಸಿನಲ್ಲೇ ನಿಂತು, ಬಹಳ ನಿಧಾನವಾಗಿ ಇಳಿದು, ಕೆಲವೊಮ್ಮೆ ಐಡಲ್ ಮಟ್ಟವನ್ನೂ (ಥ್ರಾಟಲ್ ಮುಚ್ಚಿದಾಗ ಎಂಜಿನ್ ತಾನಾಗಿ ಓಡಬೇಕಾದ ಕಡಿಮೆ ವೇಗ) ದಾಟಿ ಕೆಳಕ್ಕೆ ಬಿದ್ದು ಎಂಜಿನ್ ನಿಂತೇ ಹೋಗುತ್ತಿತ್ತು. ಇಳಿಜಾರಿನಲ್ಲಿ ಥ್ರಾಟಲ್ ಮುಚ್ಚಿ ಬರುವಾಗ ಸೈಲೆನ್ಸರಿನೊಳಗೆ ಪಟಪಟ ಸಿಡಿತ ಕೇಳಿಸುತ್ತಿತ್ತು. ಐಡಲ್‌ನಿಂದ ಥ್ರಾಟಲನ್ನು ಸ್ವಲ್ಪವೇ ತೆರೆದಾಗ ಒಂದು ಕ್ಷಣ ಉಸಿರು ಕಟ್ಟಿದಂತಾಗಿ, ಅನಂತರ ಒಮ್ಮೆಲೇ ಎಳೆಯುತ್ತಿತ್ತು. ಅರ್ಧ ಥ್ರಾಟಲಿನಲ್ಲಿ ದೂರು ಹೇಳುವಂಥದ್ದೇನೂ ಇರಲಿಲ್ಲ. ಪೂರ್ತಿ ಥ್ರಾಟಲಿನಲ್ಲಿ ಮಾತ್ರ ಎಂಜಿನ್ ಭಾರವಾಗಿ, ಗಂಟಲು ಕಟ್ಟಿದ ದನಿಯಲ್ಲಿ ಓಡುತ್ತಿತ್ತು.

ಬಿಚ್ಚಿ ನೋಡಿದ ಸ್ಪಾರ್ಕ್ ಪ್ಲಗ್ಗಿನ ಅಂಚಿನ ಉಂಗುರದ ಮೇಲೆ ಒಣ ಮಸಿ ಇತ್ತು, ನಡುವಿನ ಪಿಂಗಾಣಿ ಮಾತ್ರ ಬಿಳಿಚಿಕೊಂಡಿತ್ತು. ಒಂದೇ ಪ್ಲಗ್ ಒಂದು ಕಡೆ ಪೆಟ್ರೋಲ್ ಹೆಚ್ಚಾಗಿದೆ ಎಂದೂ ಇನ್ನೊಂದು ಕಡೆ ಕಡಿಮೆಯಾಗಿದೆ ಎಂದೂ ಹೇಳುತ್ತಿದ್ದರೆ, ಬೇರೆ ಬೇರೆ ಥ್ರಾಟಲ್ ಸ್ಥಾನಗಳಲ್ಲಿ ಬೇರೆ ಬೇರೆ ಮಿಶ್ರಣ ಉರಿಯುತ್ತಿದೆ ಎಂದಷ್ಟೇ ಅರ್ಥ. ಪ್ಲಗ್ಗಿನ ಬಣ್ಣವನ್ನು ಇಡೀ ಎಂಜಿನ್ನಿನ ತೀರ್ಪೆಂದು ಓದುವ ಅಭ್ಯಾಸ ಬಹಳ ವ್ಯಾಪಕವಾಗಿದೆ. ನನ್ನ ಅಭಿಪ್ರಾಯದಲ್ಲಿ, ಯಾವ ಥ್ರಾಟಲ್ ಸ್ಥಾನದಲ್ಲಿ ಓಡಿಸಿ ಎಂಜಿನ್ ಆಫ್ ಮಾಡಲಾಯಿತು ಎಂಬುದು ಗೊತ್ತಿಲ್ಲದಿದ್ದರೆ ಆ ಬಣ್ಣದ ಸಾಕ್ಷ್ಯಕ್ಕೆ ಹೆಚ್ಚು ಬೆಲೆಯಿಲ್ಲ.

ಥ್ರಾಟಲ್ ಸ್ಥಾನವೇ ಮೊದಲ ಸುಳಿವು

ವೇಗವಾಗಿ ಹರಿಯುವ ಗಾಳಿಯಲ್ಲಿ ಒತ್ತಡ ಕಡಿಮೆಯಾಗುತ್ತದೆ ಎಂದು 1738ರಲ್ಲಿ ಬರ್ನೂಲಿ ವಿವರಿಸಿದ ತತ್ವವೇ ಕಾರ್ಬುರೇಟರಿನ ಆಧಾರ: ಕಿರಿದಾದ ಗಂಟಲಿನಲ್ಲಿ ಒತ್ತಡ ಇಳಿದಾಗ, ಬಟ್ಟಲಿನಲ್ಲಿ ವಾತಾವರಣದ ಒತ್ತಡಕ್ಕೆ ಒಳಗಾಗಿರುವ ಪೆಟ್ರೋಲ್ ಜೆಟ್ಟಿನ ಮೂಲಕ ಮೇಲೇರಿ ಗಾಳಿಗೆ ಸೇರುತ್ತದೆ. ಆದರೆ ಐಡಲ್‌ನಲ್ಲಿ ಹರಿಯುವ ಗಾಳಿ ಎಷ್ಟು ಕಡಿಮೆಯೆಂದರೆ, ದೊಡ್ಡ ಗಂಟಲಿನಲ್ಲಿ ಈ ಸೆಳೆತ ಹುಟ್ಟುವುದೇ ಇಲ್ಲ. ಆದ್ದರಿಂದ ಕಡಿಮೆ ವೇಗಕ್ಕೆ ಪೈಲಟ್ ಮಾರ್ಗವೆಂಬ ಬೇರೆಯದೇ ಸಣ್ಣ ದಾರಿ ಬೇಕು. ಥ್ರಾಟಲ್ ಮುಚ್ಚಿದ ಸ್ಥಿತಿಯಿಂದ ಸುಮಾರು ಎಂಟನೇ ಒಂದು ಭಾಗ ತೆರೆಯುವವರೆಗೆ ಪೈಲಟ್ ಜೆಟ್ಟು ಮತ್ತು ಮಿಶ್ರಣದ ತಿರುಪಿನದೇ ಆಳ್ವಿಕೆ. ಕಾಲು ಭಾಗದಿಂದ ಮುಕ್ಕಾಲಿನವರೆಗೆ ಸೂಜಿ ಮತ್ತು ಸೂಜಿ ಕೂರುವ ನಳಿಕೆಯದು. ಅಲ್ಲಿಂದ ಮುಂದೆ ಮೇನ್ ಜೆಟ್ಟಿನದು. ಈ ಗಡಿಗಳು ಒಂದರ ಮೇಲೊಂದು ಹಾದುಹೋಗುತ್ತವೆ. ಅದರಲ್ಲೂ ಈ ಗಾಡಿಯಲ್ಲಿದ್ದಂಥ ಸ್ಥಿರ ನಿರ್ವಾತದ (ಸಿವಿ) ಕಾರ್ಬುರೇಟರಿನಲ್ಲಿ ಕೇಬಲ್ ಎಳೆಯುವುದು ಗಂಟಲಿನಲ್ಲಿ ತಿರುಗುವ ತಟ್ಟೆಯಾದ ಚಿಟ್ಟೆ ಕವಾಟವನ್ನು ಮಾತ್ರ, ಸೂಜಿಯನ್ನು ಹೊತ್ತ ಸ್ಲೈಡನ್ನು ಮೇಲೆತ್ತುವುದು ಡಯಾಫ್ರಮ್ ಎಂಬ ತೆಳು ರಬ್ಬರ್ ಪೊರೆಯ ಮೇಲಿನ ಸೆಳೆತ. ಆದ್ದರಿಂದ ಸೂಜಿಯ ಆಳ್ವಿಕೆ ಹಿಡಿಯ ತಿರುವಿಗಿಂತ ಎಂಜಿನ್ನಿನ ಬೇಡಿಕೆಯನ್ನು ಹೆಚ್ಚು ಅವಲಂಬಿಸುತ್ತದೆ. ಹಾಗಿದ್ದರೂ ದೋಷ ಎಲ್ಲಿದೆ ಎಂದು ಹುಡುಕಲು ಈ ನಕ್ಷೆ ಸಾಕು.

ಆ ನಕ್ಷೆಯ ಪ್ರಕಾರ ದೂರುಗಳು ಎರಡು ಗುಂಪಾದವು. ಇಳಿಯದ ಐಡಲ್, ಸಿಡಿತ, ಥ್ರಾಟಲ್ ತೆರೆದೊಡನೆ ಬರುವ ತಡವರಿಕೆ ಇವು ಮೂರೂ ಕೆಳಗಿನ ತುದಿಯವು. ಮೂರೂ ಪೆಟ್ರೋಲ್ ಕಡಿಮೆಯಾದ, ಮೆಕ್ಯಾನಿಕ್‌ಗಳು ಲೀನ್ ಎನ್ನುವ, ತೆಳು ಮಿಶ್ರಣವನ್ನು ಸೂಚಿಸುತ್ತಿದ್ದವು. ಪೂರ್ತಿ ಥ್ರಾಟಲಿನ ಭಾರ ಮಾತ್ರ ಪೆಟ್ರೋಲ್ ಹೆಚ್ಚಾದ ಲಕ್ಷಣ, ಅದಕ್ಕೆ ಹಿಂದಿನ ರಿಪೇರಿಯಲ್ಲಿ ಹಾಕಿದ ದೊಡ್ಡ ಮೇನ್ ಜೆಟ್ಟೇ ಕಾರಣ ಎಂಬ ಉತ್ತರ ಮೊದಲೇ ಸಿದ್ಧವಿತ್ತು. ಕೆಳಗಿನ ತುದಿಯ ತೆಳು ಮಿಶ್ರಣಕ್ಕೆ ಮೇನ್ ಜೆಟ್ ದೊಡ್ಡದು ಮಾಡುವುದರಿಂದ ಏನೂ ಆಗದು; ಆ ಜೆಟ್ಟಿಗೆ ಅಲ್ಲಿ ಮಾತೇ ಇಲ್ಲ.

ಕಾರ್ಬುರೇಟರ್ ಮುಟ್ಟುವ ಮೊದಲು

ಏರ್ ಫಿಲ್ಟರ್ ಸ್ವಚ್ಛವಾಗಿತ್ತು, ಟ್ಯಾಂಕಿನ ಮುಚ್ಚಳದ ಗಾಳಿಕಿಂಡಿ ತೆರೆದಿತ್ತು, ಪೈಪ್ ಕಳಚಿದಾಗ ಪೆಟ್ರೋಲ್ ಎಡೆಬಿಡದೆ ಹರಿಯುತ್ತಿತ್ತು. ವಾಲ್ವುಗಳ ಅಂತರ ಅಳೆದಾಗ ಎಕ್ಸಾಸ್ಟ್ ವಾಲ್ವು ಕೈಪಿಡಿ ಹೇಳಿದ್ದಕ್ಕಿಂತ ತುಸು ಬಿಗಿಯಾಗಿತ್ತು. ಅದನ್ನು ಸರಿಪಡಿಸಿದ್ದರಿಂದ ಲಕ್ಷಣಗಳಲ್ಲಿ ಬದಲಾವಣೆ ಆಗಲಿಲ್ಲ. ಆದರೂ ಈ ಹಂತವನ್ನು ಬಿಡಬಾರದು. ವಾಲ್ವು ಬಿಗಿಯಾಗಿದ್ದು ಬಿಸಿಯಾದಾಗ ಪೂರ್ತಿ ಮುಚ್ಚದ ಎಂಜಿನ್ನಿನ ಮೇಲೆ ಕಾರ್ಬುರೇಟರ್ ಹೊಂದಿಸುವುದು ವ್ಯರ್ಥ ಶ್ರಮ.

ಫ್ಲೋಟ್ ಮಟ್ಟವನ್ನು ಬಟ್ಟಲು ಬಿಚ್ಚದೆಯೇ ನೋಡಬಹುದು. ಬಟ್ಟಲಿನ ಕೆಳಗಿನ ಡ್ರೇನ್ ಮೂತಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದನ್ನು ಬಟ್ಟಲಿನ ಪಕ್ಕಕ್ಕೆ ನೇರವಾಗಿ ಎತ್ತಿ ಹಿಡಿದು ಡ್ರೇನ್ ತಿರುಪನ್ನು ಸಡಿಲಿಸಿದರೆ, ಒಳಗೆಷ್ಟು ಎತ್ತರಕ್ಕೆ ಪೆಟ್ರೋಲ್ ನಿಂತಿದೆಯೋ ಕೊಳವೆಯಲ್ಲೂ ಅಷ್ಟೇ ಎತ್ತರಕ್ಕೆ ನಿಲ್ಲುತ್ತದೆ. ಇಲ್ಲಿ ಮಟ್ಟ ಸರಿಯಾಗಿತ್ತು. ಸರಿಯಾಗಿದ್ದದ್ದನ್ನು ಮುಟ್ಟಲಿಲ್ಲ.

ಗಾಳಿ ಎಲ್ಲಿಂದ ನುಗ್ಗುತ್ತಿತ್ತು

ಕಾರ್ಬುರೇಟರಿಗೂ ಸಿಲಿಂಡರ್ ಹೆಡ್ಡಿಗೂ ನಡುವೆ ಮಿಶ್ರಣವನ್ನು ಒಯ್ಯುವ ಅಲ್ಯೂಮಿನಿಯಂ ನಳಿಕೆ, ಅಂದರೆ ಮ್ಯಾನಿಫೋಲ್ಡ್, ಒಂದಿತ್ತು. ಅದರ ಚಾಚುಪಟ್ಟಿ (ಫ್ಲಾಂಜ್) ಎರಡು ಬೋಲ್ಟುಗಳಿಂದ ಹೆಡ್ಡಿಗೆ ಬಿಗಿದುಕೊಂಡು, ನಡುವಿನ ತೋಡಿನಲ್ಲಿ ಕುಳಿತ ರಬ್ಬರ್ ಉಂಗುರವಾದ ಓ-ರಿಂಗಿನಿಂದ ಗಾಳಿಯನ್ನು ತಡೆಯಬೇಕು. ಇಲ್ಲಿ ಸೋರಿಕೆ ಇದೆಯೇ ಎಂಬ ಪರೀಕ್ಷೆ ಹಿಂದೆಯೂ ನಡೆದಿತ್ತು, ಇಲ್ಲವೆಂಬ ಉತ್ತರವೂ ಬಂದಿತ್ತು. ಆ ಪರೀಕ್ಷೆ ನಡೆದದ್ದು ಎಂಜಿನ್ ತಣ್ಣಗಿದ್ದು ಚೋಕ್ ಎಳೆದಿದ್ದಾಗ. ಹೊರಗಿನಿಂದ ಇಂಧನದ ಅನಿಲ ಬಿಟ್ಟು ಎಂಜಿನ್ನಿನ ವೇಗ ಬದಲಾಗುತ್ತದೆಯೇ ಎಂದು ನೋಡುವುದೇ ಈ ಪರೀಕ್ಷೆಯ ತಿರುಳು. ತೆಳು ಮಿಶ್ರಣದಲ್ಲಿ ಓಡುತ್ತಿರುವ ಎಂಜಿನ್ನಿಗೆ ಹೆಚ್ಚುವರಿ ಇಂಧನ ಸಿಕ್ಕರೆ ವೇಗ ಏರುತ್ತದೆ. ಚೋಕ್ ಈಗಾಗಲೇ ಬೇಕಾದಷ್ಟು ಪೆಟ್ರೋಲ್ ಕೊಡುತ್ತಿರುವಾಗ ಆ ಸ್ವಲ್ಪ ಅನಿಲದಿಂದ ಕಿವಿಗೆ ಕೇಳುವಂಥ ವ್ಯತ್ಯಾಸ ಆಗುವುದಿಲ್ಲ. ಸೋರಿಕೆ ಇದ್ದೇ ಇತ್ತು, ಚೋಕ್ ಅದನ್ನು ಮರೆಮಾಡಿತ್ತು.

ಎಂಜಿನ್ ಬಿಸಿಯಾಗಿ, ಚೋಕ್ ಬಿಟ್ಟು, ಐಡಲ್ ತಿರುಪಿನಿಂದ ಹೇಗೋ ಓಡುತ್ತಿದ್ದ ಸ್ಥಿತಿಯಲ್ಲಿ ಅದೇ ಪರೀಕ್ಷೆಯನ್ನು ಮತ್ತೆ ಮಾಡಲಾಯಿತು. ಹೊತ್ತಿಸದ ಪ್ರೊಪೇನ್ ಅನಿಲವನ್ನು ತೆಳುವಾದ ಕೊಳವೆಯ ತುದಿಯಿಂದ ಒಂದೊಂದೇ ಜಾಗಕ್ಕೆ ಬಿಡುತ್ತಾ ಬಂದಾಗ, ಕಾರ್ಬುರೇಟರಿನ ಕಡೆಯ ರಬ್ಬರ್ ತೋಳಿನ ಬಳಿ ಏನೂ ಆಗಲಿಲ್ಲ. ಹೆಡ್ಡಿನ ಕಡೆಯ ಚಾಚುಪಟ್ಟಿಯ ಕೆಳಭಾಗಕ್ಕೆ ಬಂದೊಡನೆ ಎಂಜಿನ್ನಿನ ದನಿ ಏರಿತು, ಕೊಳವೆ ಸರಿಸಿದೊಡನೆ ಇಳಿಯಿತು. ಇದನ್ನು ಮಾಡುವವರು ಬಯಲಿನಲ್ಲಿ, ಗಾಳಿ ಚೆನ್ನಾಗಿ ಆಡುವ ಕಡೆ, ಅನಿಲದ ಕೊಳವೆಯನ್ನು ಸೈಲೆನ್ಸರಿನಿಂದಲೂ ಪ್ಲಗ್ಗಿನ ತಂತಿಯಿಂದಲೂ ದೂರ ಇಟ್ಟುಕೊಂಡು, ಬೆಂಕಿ ಆರಿಸುವ ಸಾಧನವನ್ನು ಕೈಗೆಟುಕುವಂತಿಟ್ಟು ಮಾಡಬೇಕು. ಪ್ರೊಪೇನ್ ಆಗಲಿ ಪೆಟ್ರೋಲ್ ಆವಿಯಾಗಲಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಪೆಟ್ರೋಲಂತೂ ಸುಮಾರು ಮೈನಸ್ 40 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಬೇಡವೇ ಬೇಡ.

ಮ್ಯಾನಿಫೋಲ್ಡ್ ಬಿಚ್ಚಿ ದಪ್ಪ ಗಾಜಿನ ಹಲಗೆಯ ಮೇಲೆ ಮುಖ ಕೆಳಗಾಗಿ ಇಟ್ಟಾಗ ಕಾರಣ ಕಣ್ಣಿಗೇ ಕಾಣುವಂತಿತ್ತು. ಬೋಲ್ಟ್ ಹಾಯುವ ಎರಡು ಕಿವಿಗಳು ಗಾಜಿಗೆ ತಾಗಿದ್ದವು, ನಡುಭಾಗದ ಕೆಳಗೆ ಸಂದಿ ಅಳೆಯುವ 0.15 ಮಿಲಿಮೀಟರ್ ದಪ್ಪದ ಪಟ್ಟಿ, ಅಂದರೆ ಫೀಲರ್ ಗೇಜ್, ಸಲೀಸಾಗಿ ತೂರುತ್ತಿತ್ತು. ಓ-ರಿಂಗ್ ನಡುವೆ ಎತ್ತಿ ಹಿಡಿದಿರುವಾಗ ಯಾರೋ ಎರಡೂ ಬೋಲ್ಟುಗಳನ್ನು ಅಳತೆ ಮೀರಿ ಬಿಗಿದದ್ದರಿಂದ ಕಿವಿಗಳು ಹೆಡ್ಡಿನ ಕಡೆಗೆ ಬಾಗಿ, ಚಾಚುಪಟ್ಟಿ ಕಮಾನಿನ ಆಕಾರ ಪಡೆದಿತ್ತು. ಸೋರುತ್ತಿದೆ ಎಂದು ಇನ್ನಷ್ಟು ಬಿಗಿದರೆ ಕಮಾನು ಇನ್ನಷ್ಟು ಹೆಚ್ಚುತ್ತದೆ. ಓ-ರಿಂಗ್ ತನ್ನ ದುಂಡು ಕಳೆದುಕೊಂಡು, ಅಡ್ಡ ಕೊಯ್ದರೆ ಚೌಕ ಕಾಣುವಷ್ಟು ಚಪ್ಪಟೆಯಾಗಿ ಗಟ್ಟಿಯಾಗಿತ್ತು.

ಚಾಚುಪಟ್ಟಿಯ ಮುಖವನ್ನು ಸಮ ಮಾಡಲು ಮಿಲ್ಲಿಂಗ್ ಯಂತ್ರ ಬೇಕಿಲ್ಲ. ಅದೇ ಗಾಜಿನ ಮೇಲೆ 400ನೇ ನಂಬರಿನ ನೀರುಕಾಗದ (ಒದ್ದೆಯಾಗಿ ಬಳಸುವ ಉಜ್ಜುಕಾಗದ) ಹಾಸಿ, ಮುಖದ ಮೇಲೆಲ್ಲ ನೀಲಿ ಮಾರ್ಕರಿನಿಂದ ಅಡ್ಡಗೆರೆ ಎಳೆದು, ಎಂಟರ ಆಕಾರದಲ್ಲಿ ಹಗುರವಾಗಿ ಉಜ್ಜುತ್ತಾ, ಆಗಾಗ ಕೈಯಲ್ಲಿ ಕಾಲು ಸುತ್ತು ತಿರುಗಿಸಿ ಹಿಡಿಯುತ್ತಾ ಹೋಗಬೇಕು. ನೀಲಿ ಗೆರೆಗಳು ಮೊದಲು ಎರಡು ಕಿವಿಗಳ ಹೊರ ಅಂಚಿನಲ್ಲಿ ಮಾಯವಾದವು, ಅಲ್ಲಿಂದ ಒಳಮುಖವಾಗಿ ಹೊಳಪು ಹರಡುತ್ತಾ ಬಂತು, ಓ-ರಿಂಗಿನ ತೋಡಿನ ಕೆಳ ಅಂಚಿನ ಬಳಿಯ ಗೆರೆ ಎಲ್ಲಕ್ಕಿಂತ ಕೊನೆಗೆ ಅಳಿಯಿತು. ಪ್ರೊಪೇನ್ ತೋರಿಸಿದ ಜಾಗವೂ ಅದೇ. ಉಜ್ಜಿದಷ್ಟು ಲೋಹ ಕಡಿಮೆಯಾಗಿ ತೋಡಿನ ಆಳವೂ ಕಡಿಮೆಯಾಗುವುದರಿಂದ, ಹೊಸ ಓ-ರಿಂಗ್ ಕೂರಿಸಿ ಅದು ಮುಖದಿಂದ ಎಷ್ಟು ಹೊರಗೆ ನಿಲ್ಲುತ್ತದೆ ಎಂದು ನೋಡಿಕೊಳ್ಳಬೇಕು. ಅತಿಯಾಗಿ ಹೊರಚಾಚಿದರೆ ಹಿಂದಿನ ಕಥೆಯೇ ಮರುಕಳಿಸುತ್ತದೆ. ಬಿಸಿ ಮತ್ತು ಪೆಟ್ರೋಲ್ ಎರಡನ್ನೂ ತಾಳುವ ವೈಟನ್ ಓ-ರಿಂಗ್ ಹಾಕಿ, ಎಂ6 ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ಸುಮಾರು 10 ನ್ಯೂಟನ್-ಮೀಟರಿಗೆ, ಎರಡನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿಯಲಾಯಿತು.

ಇಷ್ಟು ಸಣ್ಣ ಸಂದಿಯಿಂದ ಇಷ್ಟು ತೊಂದರೆ ಆಗುತ್ತದೆಯೇ ಎಂಬ ಪ್ರಶ್ನೆ ಸಹಜ. ನಾಲ್ಕು ಸ್ಟ್ರೋಕಿನ ಒಂಟಿ ಸಿಲಿಂಡರ್ ಎಂಜಿನ್ ನಿಮಿಷಕ್ಕೆ 1,300 ಸುತ್ತಿನಲ್ಲಿ 650 ಬಾರಿ ಉಸಿರೆಳೆಯುತ್ತದೆ, 8,000 ಸುತ್ತಿನಲ್ಲಿ 4,000 ಬಾರಿ. ಐಡಲ್‌ನಲ್ಲಿ ಒಂದೊಂದು ಉಸಿರೂ ಅರೆಬರೆ, ಪೂರ್ತಿ ಥ್ರಾಟಲಿನಲ್ಲಿ ತುಂಬು ಉಸಿರು. ಹೀಗಾಗಿ ಒಟ್ಟು ಗಾಳಿಯ ವ್ಯತ್ಯಾಸ ಹತ್ತು ಪಟ್ಟಿಗೂ ಮೀರುತ್ತದೆ. ಜೊತೆಗೆ ಥ್ರಾಟಲ್ ಮುಚ್ಚಿದಾಗ ಮ್ಯಾನಿಫೋಲ್ಡಿನೊಳಗಿನ ಸೆಳೆತ ಅತಿ ಹೆಚ್ಚು, ಪೂರ್ತಿ ತೆರೆದಾಗ ಅತಿ ಕಡಿಮೆ. ಅಂದರೆ ಬೇಡಿಕೆ ಕಡಿಮೆ ಇರುವಾಗಲೇ ಸೋರಿಕೆ ಹೆಚ್ಚು. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು 14.7 ಗ್ರಾಂ ಗಾಳಿ ಸಾಕು. ಐಡಲ್‌ನಲ್ಲಿ ಎಂಜಿನ್ ನೆಮ್ಮದಿಯಾಗಿರಲು ಅದಕ್ಕಿಂತ ಕಡಿಮೆ ಗಾಳಿ, ಹೆಚ್ಚು ಪೆಟ್ರೋಲ್ ಬೇಕು. ಅಂಥ ಹೊತ್ತಿನಲ್ಲಿ ಜೆಟ್ಟಿನ ಲೆಕ್ಕಕ್ಕೆ ಸಿಗದ ಗಾಳಿ ಹಿಂಬಾಗಿಲಿನಿಂದ ಬಂದರೆ ಐಡಲ್ ನಿಲ್ಲುವುದಿಲ್ಲ, ಅರ್ಧ ಥ್ರಾಟಲಿನ ಓಟಕ್ಕೆ ಮಾತ್ರ ಏನೂ ಆಗುವುದಿಲ್ಲ.

ಪೈಲಟ್ ಮಾರ್ಗದೊಳಗೆ

ಸೋರಿಕೆ ನಿಂತ ಮೇಲೆ ವೇಗ ಮೇಲೇ ನಿಲ್ಲುವುದು ತಪ್ಪಿತು, ಸಿಡಿತ ಬಹಳ ಕಡಿಮೆಯಾಯಿತು. ಥ್ರಾಟಲ್ ತೆರೆದೊಡನೆ ಬರುವ ತಡವರಿಕೆ ಹಾಗೆಯೇ ಉಳಿಯಿತು. ಜೊತೆಗೆ ಹೊಸ ಲಕ್ಷಣವೊಂದು ಸೇರಿಕೊಂಡಿತು: ಬಿಸಿ ಎಂಜಿನ್ನಿನ ಐಡಲ್ ಈಗ ಹೊಗೆವಾಸನೆಯಿಂದ ಕೂಡಿ, ಉಬ್ಬಿಳಿತದ ದನಿಯಲ್ಲಿ, ಸ್ಪಷ್ಟವಾಗಿ ಪೆಟ್ರೋಲ್ ಹೆಚ್ಚಾಗಿ ನಡೆಯುತ್ತಿತ್ತು.

ಇಲ್ಲಿ ಒಂದು ಸರಳ ಪರೀಕ್ಷೆ ಬಹಳಷ್ಟು ಹೇಳಿತು. ಮಿಶ್ರಣದ ತಿರುಪು ಈ ಕಾರ್ಬುರೇಟರಿನಲ್ಲಿ ಎಂಜಿನ್ನಿನ ಕಡೆಯಲ್ಲಿದೆ. ಅಂಥ ತಿರುಪನ್ನು ಹೊರಕ್ಕೆ ತಿರುಗಿಸಿದರೆ ಪೆಟ್ರೋಲ್ ಹೆಚ್ಚು, ಒಳಕ್ಕೆ ತಿರುಗಿಸಿದರೆ ಕಡಿಮೆ. ಏರ್ ಫಿಲ್ಟರಿನ ಕಡೆಯಲ್ಲಿರುವ ತಿರುಪು ಗಾಳಿಯನ್ನು ನಿಯಂತ್ರಿಸುವುದರಿಂದ ಅದರ ನಡತೆ ಇದಕ್ಕೆ ತದ್ವಿರುದ್ಧ. ಐಡಲ್‌ನಲ್ಲಿ ಓಡುತ್ತಿರುವ ಎಂಜಿನ್ನಿನ ಈ ತಿರುಪನ್ನು ಪೂರ್ತಿ ಒಳಕ್ಕೆ ತಿರುಗಿಸಿದರೆ ಪೆಟ್ರೋಲ್ ನಿಂತು ಎಂಜಿನ್ ಆರಬೇಕು. ಇಲ್ಲಿ ಆರಲಿಲ್ಲ. ಅಂದರೆ ಐಡಲ್ ಪೆಟ್ರೋಲ್ ಈ ತಿರುಪಿನ ಹಿಡಿತ ತಪ್ಪಿಸಿ ಬೇರೆ ದಾರಿಯಿಂದ ಬರುತ್ತಿತ್ತು.

ಆ ದಾರಿ ಯಾವುದೆಂದು ತಿಳಿಯಲು ಚಿಟ್ಟೆ ಕವಾಟದ ಅಂಚನ್ನು ನೋಡಬೇಕು. ಕವಾಟ ಮುಚ್ಚಿದಾಗ ಅದರ ಅಂಚು ತಾಗುವ ಜಾಗದಲ್ಲೇ ಗಂಟಲಿನ ಮೇಲೆ ಸೂಜಿಮೊನೆಯಷ್ಟು ಸಣ್ಣ ಬೈಪಾಸ್ ರಂಧ್ರಗಳು ಸಾಲಾಗಿ ಇರುತ್ತವೆ. ಈ ಕಾರ್ಬುರೇಟರಿನಲ್ಲಿ ಅವು ಮೂರು. ಸರಿಯಾದ ಐಡಲ್‌ನಲ್ಲಿ ಕವಾಟ ಅವುಗಳನ್ನು ಮರೆಮಾಡಿರುತ್ತದೆ. ಥ್ರಾಟಲ್ ತುಸು ತೆರೆದಾಗ ಒಂದೊಂದಾಗಿ ಸೆಳೆತಕ್ಕೆ ಒಡ್ಡಿಕೊಂಡು, ಹೆಚ್ಚಿದ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಕೊಡುತ್ತವೆ. ಸೋರಿಕೆಯಿಂದ ನಿಂತು ಹೋಗುತ್ತಿದ್ದ ಎಂಜಿನ್ನನ್ನು ಓಡಿಸಲು ಐಡಲ್ ವೇಗದ ತಿರುಪನ್ನು ಬಹಳಷ್ಟು ಒಳಕ್ಕೆ ಹಾಕಿದ್ದರಿಂದ, ಕವಾಟ ಮೊದಲೇ ಆ ರಂಧ್ರಗಳನ್ನು ದಾಟಿ ನಿಂತಿತ್ತು. ಐಡಲ್‌ನಲ್ಲೇ ಅವು ಖರ್ಚಾಗಿದ್ದವು, ಥ್ರಾಟಲ್ ತೆರೆದಾಗ ಕೊಡಲು ಏನೂ ಉಳಿದಿರಲಿಲ್ಲ. ಹೆಚ್ಚಾದ ಐಡಲ್ ಪೆಟ್ರೋಲಿಗೂ ತೆರೆದೊಡನೆ ಬರುವ ತಡವರಿಕೆಗೂ ಒಂದೇ ಕಾರಣ ಇರಬಹುದೆಂಬುದು ಮೇಲ್ನೋಟಕ್ಕೆ ವಿಚಿತ್ರವೆನಿಸಿದರೂ, ಈ ಮೂರು ರಂಧ್ರಗಳ ಕೆಲಸ ಅರ್ಥವಾದ ಮೇಲೆ ಅದು ಅನಿವಾರ್ಯವೆಂದೇ ಕಾಣುತ್ತದೆ.

ಕಾರ್ಬುರೇಟರ್ ಬಿಚ್ಚುವಾಗ ತೊಡಕಾದದ್ದು ಪೈಲಟ್ ಜೆಟ್. ಆಳವಾದ ಕೊಳವೆಯ ತಳದಲ್ಲಿ ಕೂತಿದ್ದ ಅದರ ಹಿತ್ತಾಳೆಯ ಸೀಳು, ಅಳತೆಗೆ ಹೊಂದದ ಸ್ಕ್ರೂಡ್ರೈವರಿನ ಹೊಡೆತಕ್ಕೆ ಎರಡೂ ಬದಿ ಸವೆದಿತ್ತು. ಹಳೆಯ ಸ್ಕ್ರೂಡ್ರೈವರ್ ಒಂದನ್ನು ಗ್ರೈಂಡರಿಗೆ ಹಿಡಿದು, ಮೊನೆ ಬೆಣೆಯಂತಿರದೆ ಎರಡು ಮುಖಗಳೂ ಸಮಾನಾಂತರವಾಗಿರುವಂತೆ, ಅಗಲ ಕೊಳವೆಯ ಒಳ ಅಳತೆಗೆ ಸರಿಯಾಗಿ ತುಂಬುವಂತೆ ಮಾಡಿಕೊಂಡೆ. ಉಕ್ಕಿನ ಗಡಸು ಹೋಗದಿರಲು ಪ್ರತಿ ಸಲ ಉಜ್ಜಿದ ಮೇಲೆ ನೀರಿನಲ್ಲಿ ಅದ್ದಬೇಕು. ಬೆಣೆಯ ಮೊನೆ ತಿರುಗಿಸುವ ಬಲದ ಒಂದು ಪಾಲನ್ನು ಮೇಲಕ್ಕೆ ಜಾರುವುದಕ್ಕೆ ಕಳೆಯುತ್ತದೆ, ಸಮಾನಾಂತರ ಮೊನೆ ಸೀಳಿನ ತಳದವರೆಗೂ ಹಿಡಿಯುತ್ತದೆ. ಜೆಟ್ ಹೊಸ ಹಾನಿಯಿಲ್ಲದೆ ಸಡಿಲವಾಯಿತು.

ಜೆಟ್ಟಿನ ಮೇಲಿನ ನಂಬರ್ 0.40 ಮಿಲಿಮೀಟರ್ ರಂಧ್ರವನ್ನು ಸೂಚಿಸುತ್ತಿತ್ತು. ಅದರೊಳಗೆ 0.44 ಮಿಲಿಮೀಟರಿನ ಪಿನ್ ಗೇಜ್ ತೂರಿತು. ವ್ಯಾಸದಲ್ಲಿ ಹತ್ತನೇ ಒಂದು ಭಾಗ ಹೆಚ್ಚಾದರೆ ವಿಸ್ತೀರ್ಣ 1.21 ಪಟ್ಟಾಗುತ್ತದೆ, ಅಂದರೆ ಸುಮಾರು 21 ಪ್ರತಿಶತ ಹೆಚ್ಚು ದಾರಿ. ಭೂತಗನ್ನಡಿಯಲ್ಲಿ ನೋಡಿದಾಗ ರಂಧ್ರದ ಅಂಚು ದುಂಡಗಿರಲಿಲ್ಲ, ಒಂದು ಬದಿಗೆ ಉಕ್ಕಿನ ತಂತಿ ಕೆತ್ತಿದ ಗೀರು ಹೊಳೆಯುತ್ತಿತ್ತು. ಹಿತ್ತಾಳೆ ಮೆತ್ತಗಿನ ಲೋಹ. ಅದರೊಳಗೆ ಉಕ್ಕಿನ ತಂತಿ ಆಡಿಸಿದರೆ ಕೊಳೆಯ ಜೊತೆಗೆ ಜೆಟ್ಟೂ ಸವೆಯುತ್ತದೆ. ದ್ರಾವಕದಲ್ಲಿ ನೆನೆಸಿ ಗಾಳಿಯಿಂದ ಊದುವುದು, ಅದಕ್ಕೂ ಬಗ್ಗದಿದ್ದರೆ ವಿದ್ಯುತ್ ವೈರಿನೊಳಗಿನ ತಾಮ್ರದ ಒಂದೇ ಎಳೆಯನ್ನು ಬಳಸುವುದು ಸರಿಯಾದ ಕ್ರಮ. ಈ ಜೆಟ್ಟನ್ನು ಬದಲಿಸದೆ ಬೇರೆ ದಾರಿ ಇರಲಿಲ್ಲ.

ಫ್ಲೋಟ್, ಡಯಾಫ್ರಮ್, ಓ-ರಿಂಗುಗಳನ್ನೆಲ್ಲ ತೆಗೆದಿಟ್ಟು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಪೈಲಟ್ ಮಾರ್ಗದೊಳಗೆ ಕ್ಲೀನರ್ ಸಿಂಪಡಿಸಿ ಚಿಟ್ಟೆ ಕವಾಟದ ಬಳಿ ನೋಡಿದಾಗ, ಎರಡು ರಂಧ್ರಗಳಿಂದ ನೂಲಿನಂಥ ನೇರ ಧಾರೆ ಚಿಮ್ಮಿತು. ಮೂರನೆಯದರ ಬಾಯಲ್ಲಿ ಹನಿ ಜಿನುಗಿತಷ್ಟೇ. ಬಹಳ ಕಾಲ ನಿಂತ ಪೆಟ್ರೋಲಿನ ಹಗುರ ಅಂಶಗಳು ಆರಿಹೋಗಿ ಉಳಿದ, ಅರಗಿನ ಬಣ್ಣದ ಅಂಟು ಅಲ್ಲಿ ಕಟ್ಟಿಕೊಂಡಿತ್ತು. ಮೊಟ್ಟಮೊದಲ ತೊಂದರೆಗೆ, ಅಂದರೆ ನಿಲ್ಲಿಸಿಟ್ಟ ಗಾಡಿ ಚೋಕ್ ಬಿಟ್ಟೊಡನೆ ತಡವರಿಸುತ್ತಿದ್ದುದಕ್ಕೆ, ಇದೇ ಕಾರಣವಿರಬೇಕು. ಮ್ಯಾನಿಫೋಲ್ಡ್ ಬಾಗಿದ್ದು ಆಮೇಲೆ ಕಾರ್ಬುರೇಟರನ್ನು ಬಿಚ್ಚಿ ಜೋಡಿಸಿದ ಸಂದರ್ಭಗಳಲ್ಲಿ ಎಂದು ನಾನು ತರ್ಕಿಸುತ್ತೇನೆ. ನೆನೆಸಿ, ಊದಿ, ಮತ್ತೆ ನೆನೆಸಿ, ಮೂರೂ ಧಾರೆಗಳು ಒಂದೇ ಬಲದಿಂದ ಬರುವವರೆಗೆ ಜೋಡಣೆಗೆ ಕೈ ಹಾಕಲಿಲ್ಲ.

ಜೋಡಣೆ ಮತ್ತು ಹೊಂದಾಣಿಕೆ

ಮಿಶ್ರಣದ ತಿರುಪಿನ ಜೊತೆ ಸ್ಪ್ರಿಂಗ್, ಅದರ ಮುಂದೆ ಸಣ್ಣ ವಾಷರ್, ಅದರ ಮುಂದೆ ಪುಟ್ಟ ಓ-ರಿಂಗ್ ಇದೇ ಕ್ರಮದಲ್ಲಿ ಕೂರಬೇಕು. ಹಳೆಯ ಓ-ರಿಂಗ್ ತೂತಿನೊಳಗೇ ಅಂಟಿಕೊಂಡು ಉಳಿದಿರುವುದುಂಟು. ಟಾರ್ಚ್ ಹಾಕಿ ನೋಡಿಯೇ ಹೊಸದನ್ನು ಹಾಕಬೇಕು. ಡಯಾಫ್ರಮ್ ಬೆಳಕಿಗೆ ಹಿಡಿದಾಗ ತೂತಿರಲಿಲ್ಲ. ಮೇನ್ ಜೆಟ್ ಮೂಲ ಅಳತೆಗೆ ಮರಳಿತು, ಪೈಲಟ್ ಜೆಟ್ ಹೊಸದಾಯಿತು, ಐಡಲ್ ವೇಗದ ತಿರುಪನ್ನು ಕವಾಟದ ಅಂಚು ಬೈಪಾಸ್ ರಂಧ್ರಗಳನ್ನು ಮರೆಮಾಡುವಷ್ಟು ಹಿಂದಕ್ಕೆ ತರಲಾಯಿತು. ಪೂರ್ತಿ ಮುಚ್ಚಿದ ಸ್ಥಾನದಿಂದ ನಾಲ್ಕೂವರೆ ಸುತ್ತು ಹೊರಗಿದ್ದ ಮಿಶ್ರಣದ ತಿರುಪು ಈಗ ಎರಡು ಸುತ್ತಿನಿಂದ ಆರಂಭವಾಯಿತು.

ಬಿಸಿ ಎಂಜಿನ್ನಿನಲ್ಲಿ ಆ ತಿರುಪನ್ನು ಒಳಕ್ಕೆ ತಿರುಗಿಸಿದಾಗ ದನಿ ಕುಗ್ಗಿ ಎಂಜಿನ್ ಆರುವ ಹಂತಕ್ಕೆ ಬಂತು. ತಿರುಪಿಗೆ ಅದರ ಅಧಿಕಾರ ಮರಳಿತ್ತು. ಐಡಲ್ ಅತ್ಯಂತ ಎತ್ತರಕ್ಕೆ ಏರುವ ಜಾಗವನ್ನು ಕಿವಿ ಮತ್ತು ಟ್ಯಾಕೋಮೀಟರ್ ಎರಡರಿಂದಲೂ ಹುಡುಕಿ, ಅಲ್ಲಿಂದ ಎಂಟನೇ ಒಂದು ಸುತ್ತು ಹೊರಕ್ಕೆ ಬಿಡಲಾಯಿತು. ಈ ಸಣ್ಣ ಹೆಚ್ಚಳಕ್ಕೆ ಇಂಧನವೂ ಒಂದು ಕಾರಣ: 10 ಪ್ರತಿಶತ ಎಥನಾಲ್ ಬೆರೆತ ಪೆಟ್ರೋಲಿಗೆ ಬೇಕಾಗುವ ಗಾಳಿ ಸುಮಾರು 14.1 ಪಟ್ಟು ಮಾತ್ರ, ಆದ್ದರಿಂದ ಶುದ್ಧ ಪೆಟ್ರೋಲಿಗೆಂದು ಹೊಂದಿಸಿದ ಜೆಟ್ಟುಗಳಲ್ಲಿ ಮಿಶ್ರಣ ಸುಮಾರು 4 ಪ್ರತಿಶತ ತೆಳುವಾಗುತ್ತದೆ. ಹಿಡಿಯ ಮೇಲೆ ಕಾಗದದ ಟೇಪ್ ಸುತ್ತಿ ಕಾಲು, ಅರ್ಧ, ಮುಕ್ಕಾಲು ಗುರುತು ಹಾಕಿಕೊಂಡು ಓಡಿಸಿದಾಗ, ಒಂದೊಂದು ಗುರುತಿನಲ್ಲೂ ಎಂಜಿನ್ ತಡೆಯಿಲ್ಲದೆ ಎಳೆಯಿತು, ಪೂರ್ತಿ ಥ್ರಾಟಲಿನ ಭಾರ ಮಾಯವಾಗಿತ್ತು, ಥ್ರಾಟಲ್ ಮುಚ್ಚಿದಾಗ ವೇಗ 1,300ಕ್ಕೆ ನೇರವಾಗಿ ಇಳಿದು ಅಲ್ಲೇ ನಿಂತಿತು.

ಉದ್ದ ಇಳಿಜಾರಿನಲ್ಲಿ ಮಾತ್ರ ಆಗೊಮ್ಮೆ ಈಗೊಮ್ಮೆ ಒಂದು ಸಿಡಿತ ಉಳಿದಿತ್ತು. ಅದಕ್ಕಾಗಿ ಮಿಶ್ರಣದ ತಿರುಪನ್ನು ಮತ್ತೆ ಹೊರಕ್ಕೆ ತಿರುಗಿಸುವ ಆಸೆಗೆ ಒಳಗಾಗದೆ ಎಕ್ಸಾಸ್ಟ್ ಪೈಪು ಹೆಡ್ಡಿಗೆ ಸೇರುವ ಜಾಗವನ್ನು ನೋಡಿದಾಗ, ಗ್ಯಾಸ್ಕೆಟ್ ಉಂಗುರದ ಸುತ್ತ ಮಸಿಯ ತೆಳು ಗೆರೆ ಇತ್ತು. ಅಲ್ಲಿಂದ ಒಳನುಗ್ಗುವ ತಾಜಾ ಗಾಳಿಯ ಕಾರಣದಿಂದಲೇ ಎಂಜಿನ್ನಿನಲ್ಲಿ ಉರಿಯದೆ ಉಳಿದ ಆವಿ ಸೈಲೆನ್ಸರಿನಲ್ಲಿ ಹೊತ್ತಿಕೊಳ್ಳುತ್ತಿತ್ತು. ಉಂಗುರ ಬದಲಿಸಿದ ಮೇಲೆ ಸಿಡಿತ ನಿಂತಿತು. ಗಾಡಿಯನ್ನು ಹಿಂದಿರುಗಿಸುವಾಗ ಜೆಟ್ಟುಗಳ ನಂಬರ್, ತಿರುಪಿನ ಸುತ್ತುಗಳು, ಮ್ಯಾನಿಫೋಲ್ಡ್ ಬೋಲ್ಟಿನ ಬಿಗಿತ ಇವಿಷ್ಟನ್ನೂ ಬರೆದ ಚೀಟಿಯೊಂದನ್ನು ಟೂಲ್ ಬಾಕ್ಸಿನ ಮುಚ್ಚಳದ ಒಳಬದಿಗೆ ಅಂಟಿಸಿ ಕೊಟ್ಟೆ. ಮುಂದೆ ಅದನ್ನು ಬಿಚ್ಚುವವರು ಯಾರೇ ಆಗಲಿ, ಊಹೆಯಿಂದಲ್ಲ, ಆ ಅಳತೆಗಳಿಂದ ಕೆಲಸ ಶುರುಮಾಡಬಹುದು.